ಅಕ್ಕನ ಶುಗರ್ ಪುಸ್ತಕದಲ್ಲಿ ನನ್ನ ರಕ್ತ

ಮೊದಲೇ ಒಪ್ಪಿಕೊಂಡುಬಿಡ್ತೀನಿ, ಆಮೇಲೆ ನಿಮಗೆ ಬೈಯೋಕೆ ಸುಲಭ. ಎರಡು ವರ್ಷದ ಹಿಂದೆ, ಮಾವಿನ ಕಾಲದಲ್ಲಿ, ನನ್ನ ಅಕ್ಕ ಶೋಭಳ ಶುಗರ್ ಪುಸ್ತಕದಲ್ಲಿ ಮೂರು ವಾರ ಬರೆದ ನಂಬರುಗಳಲ್ಲಿ ಮುಕ್ಕಾಲು ಪಾಲು ಅವಳದ್ದಲ್ಲ, ನನ್ನವು. ಬಸುರಿ ಅವಳು, ಬೆರಳು ನನ್ನದು. ಮೀಸೆ ಬಿಟ್ಟ, ಜ್ಯೂಸ್ ಕೌಂಟರಿನಲ್ಲಿ ನಿಲ್ಲೋ ಇಪ್ಪತ್ತನಾಲ್ಕು ವರ್ಷದ ಗಂಡಸಿನ ರಕ್ತವನ್ನು ಏಳು ತಿಂಗಳ ಬಸುರಿಯದ್ದು ಅಂತ ಆಸ್ಪತ್ರೆಗೆ ಒಪ್ಪಿಸಿದವನು ಪಟ್ಟಂದೂರು ಅಗ್ರಹಾರದಲ್ಲಿ ನಾನೊಬ್ಬನೇ ಇರಬೇಕು. ಅದುವರೆಗೆ ಊರಲ್ಲಿ ಎಲ್ಲರ ದನಿ ಕದ್ದಿದ್ದೆ. ರಕ್ತದಲ್ಲೂ ಮಿಮಿಕ್ರಿ ಮಾಡಬಹುದು ಅಂತ ಗೊತ್ತಾಗಿದ್ದು ಆಗಲೇ.

ಹೋದ ವಾರ ಅಪ್ಪನಿಗೆ ಮಾತ್ರೆ ಬರೆಸೋಕೆ ಅದೇ ಆಸ್ಪತ್ರೆಗೆ ಹೋಗಿದ್ದೆ. ಲ್ಯಾಬಿನ ಮುಂದೆ ನಾಲ್ಕೈದು ಜನ ಬಸುರಿಯರು ಕೂತಿದ್ದರು. ಒಬ್ಬಳು ಮೂಗು ಮುಚ್ಚಿಕೊಂಡು ಲೋಟ ಎತ್ತಿ ಕುಡಿಯುತ್ತಿದ್ದಳು. ಗ್ಲೂಕೋಸ್ ಪುಡಿ ಕದಡಿದ ನೀರಿಗೆ ನಿಂಬೆಹಣ್ಣು ಹಿಂಡಿದ ವಾಸನೆ. ದಿನಕ್ಕೆ ನೂರು ನಿಂಬೆಹಣ್ಣು ಹಿಂಡೋ ನನಗೆ ಆ ವಾಸನೆ ಏನೂ ಹೊಸದಲ್ಲ. ಆದರೆ ಅದು ಆ ಬೆಂಚಿನ ಕಡೆಯಿಂದ ಬಂದ ತಕ್ಷಣ ನನ್ನ ಬೆರಳ ತುದಿಗಳು ಚುರ್ ಅಂದವು. ಇಡೀ ಬೇಸಿಗೆ ವಾಪಸ್ ಬಂತು.

ಆಗ ನಮ್ಮ ಮನೆ ಇದ್ದದ್ದು ಈಗಿನ ಹಾಗೇ. ಕೆಳಗೆ ನಾವು, ಮೇಲಿನ ಮೂರು ಮಹಡಿ ಬಾಡಿಗೆಗೆ ಇರೋ ಹುಡುಗರು, ಅದರ ಮೇಲೆ ತಾರಸಿ. ನನ್ನ ಕೆಲಸ ಟೆಕ್ ಪಾರ್ಕಿನ ಫುಡ್ ಕೋರ್ಟಿನಲ್ಲಿ. 'ಭಯ್ಯಾ, ನೋ ಶುಗರ್, ನೋ ಐಸ್' ಅಂತ ಹೇಳಿ, ಒಂದು ಗುಟುಕು ಕುಡಿದು, 'ಸ್ವಲ್ಪ ಶುಗರ್ ಹಾಕಿ' ಅಂತ ಮೆಲ್ಲಗೆ ಲೋಟ ವಾಪಸ್ ಚಾಚುವವರನ್ನೆಲ್ಲ ಸಂಜೆ ಮನೆಗೆ ಬಂದು ಮಾಡಿ ತೋರಿಸ್ತಿದ್ದೆ. ಅಮ್ಮ ನೀರಿನ ಮೋಟರ್ ವಿಷಯಕ್ಕೆ ಮೂರನೇ ಮಹಡಿಗೆ ಕೂಗೋದು ನನ್ನ ಮೆಚ್ಚಿನ ಐಟಂ. ಅಪ್ಪ ಶುಗರ್ ಮಾತ್ರೆ ನುಂಗಿ, ಅದರ ಮೇಲೆ ಕೇಸರಿಬಾತ್ ತಿಂದು, 'ಮಾತ್ರೆಗೂ ಕೆಲ್ಸ ಬೇಕಲ್ವೇನೋ' ಅನ್ನೋದು ಇನ್ನೊಂದು. ಭಾವ ಮಾತು ಕಮ್ಮಿ. ಅವರನ್ನು ಮಾಡಿ ತೋರಿಸೋಕೆ ಒಂದು ಕೆಮ್ಮು ಸಾಕು. ಅಕ್ಕ ಎಷ್ಟು ಸಲ ಕೇಳಿದರೂ ಆ ಕೆಮ್ಮಿಗೆ ಬಿದ್ದು ಬಿದ್ದು ನಗ್ತಿದ್ದಳು.

ಅವಳು ನಗ್ತಿದ್ದದ್ದೇ ಆಗ ನಮಗೆಲ್ಲ ದೊಡ್ಡ ವಿಷಯ. ಮದುವೆಯಾಗಿ ಐದು ವರ್ಷ ಆಗಿತ್ತು. ಮೊದಲನೆಯದು ಐದನೇ ತಿಂಗಳಲ್ಲಿ ಹೋಗಿಬಿಟ್ಟಿತ್ತು. ಅದಾದ ಮೇಲೆ ನಮ್ಮ ನೆಂಟರ ಮನೆಯ ಒಂದು ಸೀಮಂತದಲ್ಲಿ ಹೂಡಿ ದೊಡ್ಡಮ್ಮ, ಅಂದ್ರೆ ಹೂಡಿಯಲ್ಲಿರೋ ಅಮ್ಮನ ಸ್ವಂತ ಅಕ್ಕ, ಆರತಿ ತಟ್ಟೆ ಹಿಡಿಯೋಕೆ ಹೋದ ಶೋಭಳ ತೋಳು ಹಿಡಿದು, 'ನೀನು ಆಮೇಲೆ ಬಾರವ್ವ' ಅಂತ ಪಕ್ಕಕ್ಕೆ ನಿಲ್ಲಿಸಿದ್ದಳು. ಕೆಟ್ಟ ಮನಸ್ಸಿನಿಂದಲ್ಲ. ಆದರೂ ನಿಲ್ಲಿಸಿದ್ದಳು. ಅಕ್ಕ ಆ ದಿನ ಊಟ ಮಾಡದೆ ಸಿಂಗಸಂದ್ರದ ತನ್ನ ಮನೆಗೆ ಹೋಗಿಬಿಟ್ಟಳು.

ಈ ಸಲ ಆರನೇ ತಿಂಗಳಿಗೇ ಅಮ್ಮ ಅವಳನ್ನು ಕರೆದುಕೊಂಡು ಬಂದಳು. ಆಸ್ಪತ್ರೆಯಲ್ಲಿ ಗ್ಲೂಕೋಸ್ ಕುಡಿಸಿದರು, ಎರಡು ಗಂಟೆ ಕೂರಿಸಿದರು, ರಕ್ತ ತೆಗೆದರು. ಮಾರನೇ ದಿನ ಡಾಕ್ಟರಮ್ಮ ನಮ್ಮನ್ನು ಒಳಗೆ ಕರೆದು, 'ಶುಗರ್ ಬಂದಿದೆ' ಅಂದರು.

"ನನ್ ಮಗಳಿಗಾ?" ಅಮ್ಮ ಕುರ್ಚಿಯಿಂದ ಎದ್ದೇಬಿಟ್ಟಳು. "ಅವಳ್ಗೇನು ವಯ್ಸಾಗೈತಾ ಮೇಡಂ? ನಮ್ ಯಜಮಾನ್ರ ಚೀಟಿ ನೋಡಿರ್ಬೇಕು ನೀವು."

ಡಾಕ್ಟರಮ್ಮ ನಗಲಿಲ್ಲ. "ಬಸುರಿನಲ್ಲಿ ಕೆಲವರಿಗೆ ಹೀಗಾಗುತ್ತಮ್ಮ. ಹೊಟ್ಟೇಲಿ ಮಗೂನ ಸಾಕೋ ಮಾಸು ಇದೆಯಲ್ಲ, ಅದರ ಹಾರ್ಮೋನು ಇನ್ಸುಲಿನ್ ಕೆಲಸಕ್ಕೆ ಅಡ್ಡ ಬರುತ್ತೆ. ಮನೇಲಿ ಅಪ್ಪನಿಗೆ ಇದೆ, ಅದೂ ಒಂದು ಕಾರಣ. ಇವಳ ತಪ್ಪಲ್ಲ. ಆದರೆ ಹಾಗೇ ಬಿಟ್ಟರೆ ಮಗು ಬೇಕಾದ್ದಕ್ಕಿಂತ ದಪ್ಪ ಆಗುತ್ತೆ, ಹೆರಿಗೆ ಕಷ್ಟ. ಹುಟ್ಟಿದ ಮೇಲೆ ಮಗುವಿನ ಶುಗರ್ ದಿಢೀರಂತ ಇಳಿದುಬಿಡಬಹುದು. ಊಟ ಹಿಡಿತದಲ್ಲಿಡಿ, ನಡೀರಿ. ಬಹಳ ಜನಕ್ಕೆ ಅಷ್ಟೇ ಸಾಕು. ಸಾಲದಿದ್ದರೆ ಇನ್ಸುಲಿನ್."

ಕೊನೆಯ ಮಾತಿಗೆ ಅಕ್ಕ ನನ್ನ ಮಣಿಕಟ್ಟು ಹಿಡಿದುಕೊಂಡಳು. ಯಾಕೆ ಅಂತ ನನಗೆ ಗೊತ್ತಿತ್ತು. ನಮ್ಮ ಅಜ್ಜಿಗೆ ಕಾಲು ಕೊಳೆತ ಮೇಲೆ ಇನ್ಸುಲಿನ್ ಶುರು ಮಾಡಿದ್ದರು. ಎರಡು ತಿಂಗಳಲ್ಲಿ ಅಜ್ಜಿ ಹೋದಳು. ಅಷ್ಟೇ ಸಾಕಾಗಿತ್ತು. ಸೂಜಿ ಬಂತು ಅಂದರೆ ಮುಗೀತು, ಇದು ನಮ್ಮ ಮನೆಯ ಲೆಕ್ಕ.

ಊಟದ ಪಾಠ ಹೇಳಿದವರು ಲೀನಾ ಸಿಸ್ಟರ್. ಕೇರಳದವರು. ಹದಿನೈದು ವರ್ಷದಿಂದ ಇಲ್ಲೇ ಇದ್ದು ನಮ್ಮೂರಿನ ಅರ್ಧ ಮಕ್ಕಳನ್ನು ಕೈಯಲ್ಲಿ ಎತ್ತಿದವರು. ಅಮ್ಮ ಅವರ ಹತ್ತಿರವೂ ವಾದಕ್ಕೆ ನಿಂತಳು. "ನಾವು ಉಣ್ಣೋದು ರಾಗಿ ಮುದ್ದೆ ಸಿಸ್ಟ್ರೆ. ರಾಗಿಗೇನಾಗ್ತದೆ?"

"ರಾಗಿನೂ ಹಿಟ್ಟೇ ಅಮ್ಮ. ಅರ್ಧ ಮುದ್ದೆ ಕೊಡಿ. ಸೊಪ್ಪು, ಕಾಳು ಜಾಸ್ತಿ. ಒಂದು ಮೊಟ್ಟೆ."

"ಅರ್ಧ ಮುದ್ದೆ ಅಂತ ಒಂದು ಐತಾ?" ಅಂತ ಅಮ್ಮ ನನ್ನ ಮುಖ ನೋಡಿದಳು. ಅವಳು ಹುಟ್ಟಿದ ಮೇಲೆ ಯಾರಿಗೂ ಅರ್ಧ ಮುದ್ದೆ ಇಟ್ಟವಳಲ್ಲ.

ಶುಗರ್ ನೋಡೋ ಪುಟ್ಟ ಮಿಷನ್ ಒಂದನ್ನು ಕೊಂಡೆವು. ಬೆಳಿಗ್ಗೆ ಖಾಲಿ ಹೊಟ್ಟೇಲಿ ಒಂದು ಸಲ, ಮೂರು ಊಟ ಆಗಿ ಎರಡೆರಡು ಗಂಟೆಗೆ ಒಂದೊಂದು ಸಲ. ಖಾಲಿ ಹೊಟ್ಟೇಲಿ ತೊಂಬತ್ತೈದರ ಒಳಗೆ, ಊಟ ಆದ ಮೇಲೆ ನೂರಿಪ್ಪತ್ತರ ಒಳಗೆ ಇರಬೇಕು. ಎಲ್ಲವನ್ನೂ ಪುಸ್ತಕದಲ್ಲಿ ಬರೆಯಬೇಕು. ಸಿಸ್ಟರ್ ಬಾಗಿಲ ತನಕ ಬಂದು ಹೇಳಿದರು: "ಪುಸ್ತಕ ಮಾತ್ರ ಅಲ್ಲ, ಮಿಷನ್ನೂ ತಗೊಂಡು ಬನ್ನಿ. ಅದರಲ್ಲಿ ಎಲ್ಲ ಉಳಿದಿರುತ್ತೆ."

ಮೊದಲ ಎರಡು ವಾರ ಚಿನ್ನದಂಥ ದಿನಗಳು. ಅಕ್ಕ ಅರ್ಧ ಮುದ್ದೆ ತಿಂದಳು. ಮಾವಿನಹಣ್ಣಿನ ಒಂದೇ ಹೋಳನ್ನು ಹತ್ತು ನಿಮಿಷ ಚೀಪಿದಳು. ಊಟ ಆದ ಮೇಲೆ ತಾರಸಿಯಲ್ಲಿ, ಬಾಡಿಗೆ ಹುಡುಗರು ಒಣಗಲು ಹಾಕಿದ ಜೀನ್ಸ್ ಪ್ಯಾಂಟುಗಳ ಮಧ್ಯೆ ನುಸುಳಿಕೊಂಡು ಹದಿನೈದು ನಿಮಿಷ ನಡೆದಳು. ಒದ್ದೆ ಪ್ಯಾಂಟಿನ ಕಾಲು ಮುಖಕ್ಕೆ ಬಡಿದಾಗಲೆಲ್ಲ ಭಾವನ ಕೆಮ್ಮು ಕೆಮ್ಮುತ್ತಿದ್ದೆ. ಮಿಷನ್ ನೂರ ಎಂಟು, ನೂರ ಹನ್ನೆರಡು ಅಂತ ತೋರಿಸುತ್ತಿತ್ತು.

ಆಮೇಲೆ ಕರೆಗಳು ಶುರುವಾದವು. ನಮ್ಮ ಕಡೆ ಬಸುರಿಯನ್ನು ಒಂದೊಂದು ನೆಂಟರ ಮನೆಯವರೂ ಕರೆದು ಬಯಕೆ ಊಟ ಹಾಕ್ತಾರೆ. ಅವಳು ಬೇಡ ಅನ್ನಬಾರದು. ಬಯಕೆ ತೀರದಿದ್ದರೆ ಹುಟ್ಟೋ ಮಗುವಿನ ಕಿವಿ ಸೋರುತ್ತೆ ಅಂತ ನಂಬಿಕೆ. ಮೊದಲ ಕರೆ ಬಂದದ್ದೇ ಹೂಡಿ ದೊಡ್ಡಮ್ಮನಿಂದ. ತೋಳು ಹಿಡಿದು ಪಕ್ಕಕ್ಕೆ ನಿಲ್ಲಿಸಿದ್ದ ಅದೇ ದೊಡ್ಡಮ್ಮ ಈಗ ಅಕ್ಕನನ್ನು ಮಣೆಯ ಮೇಲೆ ಕೂರಿಸಿ, ತಾನೇ ಕೂತು ಒಬ್ಬಟ್ಟಿಗೆ ತುಪ್ಪ ಸುರಿದಳು. ಪಕ್ಕದಲ್ಲಿ ಮಾವಿನ ಸೀಕರಣೆ. "ತಿನ್ನವ್ವಾ, ನೀನಲ್ಲ ಕೇಳ್ತಿರೋದು, ವಟ್ಟೇಲಿರೋದು ಕೇಳ್ತದೆ." ಅಕ್ಕ ನನ್ನನ್ನೊಮ್ಮೆ ನೋಡಿದಳು. ಆಮೇಲೆ ತಿಂದಳು. ಹಸಿವಿಗೋ ಆಸೆಗೋ ತಿಂದಹಾಗೆ ಇರಲಿಲ್ಲ ಅದು. ಆ ಸೀಮಂತದ ದಿನ ಉಣ್ಣದೆ ಎದ್ದು ಹೋಗಿದ್ದ ಊಟವನ್ನು ಅವಳು ಈಗ ಕೂತು ಉಣ್ಣುತ್ತಿದ್ದಳು. ಹಾಗಿದ್ದಾಗ 'ಬೇಡ' ಅನ್ನು ಅಂತ ನಾನಾದರೂ ಯಾವ ಬಾಯಲ್ಲಿ ಹೇಳಲಿ?

ಎರಡು ಗಂಟೆ ಬಿಟ್ಟು ಮನೆಯಲ್ಲಿ ನೋಡಿದರೆ ನೂರ ಎಂಬತ್ತಾರು.

ಅಕ್ಕ ಮಿಷನ್ನನ್ನು ಮಡಿಲಲ್ಲಿಟ್ಟುಕೊಂಡಳು. "ಮಂಜ, ಇದು ನೋಡಿದ್ರೆ ಸೂಜಿ ಹಾಕ್ತಾರೆ ಕಣೋ."

"ಒಂದು ದಿನಕ್ಕೆ ಯಾರೂ ಹಾಕಲ್ಲ ಸುಮ್ನಿರು."

"ನಾಳಿದ್ದು ಕಾಡುಗೋಡಿ ಅತ್ತೆ ಮನೆ. ಆಮೇಲೆ ಚಿಕ್ಕಪ್ಪಂದು. ಸುಳ್ಳು ಬರೆಯೋಣ ಅಂದ್ರೆ ಮಿಷನ್ ಬಿಡಲ್ಲ."

ಅವಳ ಕಣ್ಣು ತುಂಬಿತ್ತು. ಯಾರ ಕಣ್ಣು ತುಂಬಿದರೂ ನನಗೆ ಬರೋದು ಒಂದೇ ವಿದ್ಯೆ. ಎದ್ದು ನಿಂತೆ, ಸೊಂಟದ ಮೇಲೆ ಕೈಯಿಟ್ಟು ಹೊಟ್ಟೆ ಮುಂದೆ ಮಾಡಿದೆ, 'ಅಮ್ಮಾ, ಬೆನ್ನು ನೋವು' ಅಂತ ಅವಳದೇ ದನಿಯಲ್ಲಿ ನರಳಿ, ಬೆರಳು ಚಾಚಿದೆ. "ತಗೋ, ಇನ್ನೊಬ್ಬ ಬಸುರೀದೂ ನೋಡು." ತಮಾಷೆಗೆ ಚುಚ್ಚಿದಳು. ನೂರ ನಾಲ್ಕು. ಇಬ್ಬರೂ ಮಿಷನ್ ನೋಡಿದೆವು, ಒಬ್ಬರನ್ನೊಬ್ಬರು ನೋಡಿಕೊಂಡೆವು. ಪುಸ್ತಕದಲ್ಲಿ ಆ ದಿನದ ಜಾಗಕ್ಕೆ ಅಕ್ಕ ಬರೆದಿದ್ದು ನೂರ ನಾಲ್ಕು. ನೂರ ಎಂಬತ್ತಾರರ ಬಗ್ಗೆ ಕೇಳಿದರೆ ಕೈ ತೊಳೆಯದೆ ಚುಚ್ಚಿಕೊಂಡೆ, ಬೆರಳಲ್ಲಿ ಒಬ್ಬಟ್ಟಿನ ಬೆಲ್ಲ ಇತ್ತು ಅಂತ ಹೇಳೋದು ಅಂತ ಮಾತಾಯ್ತು. ಆ ಉಪಾಯವೂ ನನ್ನದೇ.

ಶುರುವಿನಲ್ಲಿ ಊಟಕ್ಕೆ ಹೋದ ದಿನ ಮಾತ್ರ ನನ್ನ ಬೆರಳು. ಆಮೇಲೆ ಮಾರನೇ ಬೆಳಿಗ್ಗೆಗೂ. ಆಮೇಲೆ ಅವಳಿಗೆ ತನ್ನ ನಂಬರ್ ನೋಡೋಕೇ ಭಯ ಹತ್ತಿತು, ಪೂರ್ತಿ ನನ್ನದೇ ಆಯಿತು, ಮಿಷನ್ ನನ್ನ ಜೇಬಿನಲ್ಲಿ ಕೌಂಟರಿಗೂ ಬಂತು. ನಾನೇನು ಕಮ್ಮಿ? ಮೋಸಂಬಿ ಕುಡಿದ ಮಧ್ಯಾಹ್ನ ನೂರ ಮೂವತ್ತೊಂದು ಬಂದಾಗ, 'ಛೇ, ಬಸುರಿಯರು ಹೀಗೆಲ್ಲ ಕುಡೀಬಾರದು' ಅಂತ ನನಗೆ ನಾನೇ ಬೈದುಕೊಂಡೆ. ಒಂದೇ ತೊಂದರೆ ಇತ್ತು. ಕೌಂಟರಿನಲ್ಲಿ ನಿಂಬೆಹಣ್ಣು ಹಿಂಡುವಾಗ ಚುಚ್ಚಿದ ಬೆರಳುಗಳಿಗೆ ರಸ ಇಳಿದು ಪ್ರಾಣ ಹೋಗೋ ಹಾಗೆ ಉರಿಯುತ್ತಿತ್ತು. 'ಭಯ್ಯಾ, ಯಾಕೆ ಕುಣೀತಿದ್ದೀರಾ?' ಅಂತ ಗಿರಾಕಿಗಳು ಕೇಳೋರು. ಅಕ್ಕನಿಗಾಗಿ ಉರೀತಿದೆ ಅಂತ ಒಳಗೊಳಗೆ ಹೆಮ್ಮೆ ಬೇರೆ ಪಡುತ್ತಿದ್ದೆ. ನನ್ನಂಥ ಪೆದ್ದನಿಗೆ ಮಾತ್ರ ಬರೋ ಹೆಮ್ಮೆ.

ನನ್ನ ಬೆರಳು ಶುರುವಾದ ಎರಡನೇ ವಾರ, ತಪಾಸಣೆಯಲ್ಲಿ ಲೀನಾ ಸಿಸ್ಟರ್ ಮಿಷನ್ನಿನ ಗುಂಡಿ ಒತ್ತುತ್ತಾ ಹೋದರು, ಅವರ ಮುಖ ಅರಳುತ್ತಾ ಹೋಯಿತು. ಬೆಲ್ಲದ ಬೆರಳಿನ ಕತೆಯನ್ನೂ ನಂಬಿದರು. ಅಷ್ಟಕ್ಕೆ ಬಿಡದೆ, ಬೆಂಚಿನ ಮೇಲೆ ಕೂತಿದ್ದವರ ಮುಂದೆ ಅಕ್ಕನನ್ನು ನಿಲ್ಲಿಸಿ, "ಇವರನ್ನು ನೋಡಿ ಕಲೀರಿ. ಶೋಭಾ, ಹೇಗೆ ಮಾಡಿದ್ರಿ ಹೇಳಿ" ಅಂದರು.

ಬೆಂಚಿನ ತುದಿಯಲ್ಲಿ ರಾಯಚೂರು ಕಡೆಯ ಒಬ್ಬ ಹೆಂಗಸಿದ್ದಳು. ಪಕ್ಕದ ಕಟ್ಟಡದಲ್ಲಿ ಗಾರೆ ಕೆಲಸ. ಅವಳ ಪುಸ್ತಕದಲ್ಲಿ ಎಲ್ಲ ನಂಬರಿಗೂ ಕೆಂಪು ಗೆರೆ. ಅವಳು ಪುಸ್ತಕವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೇಳಿದಳು: "ಯಕ್ಕಾ, ನೀವು ಏನು ಉಣ್ತೀರಿ? ನಾ ಎಷ್ಟು ಬಿಟ್ಟರೂ ಇಳೀವಲ್ದು."

ಅಕ್ಕ ಹೇಳಿದಳು. ಅರ್ಧ ಮುದ್ದೆ, ಸೊಪ್ಪು, ಕಾಳು, ನಡಿಗೆ. ಒಂದೊಂದು ಮಾತೂ ಸರಿಯಾಗಿತ್ತು, ಒಂದೂ ಅವಳು ಮಾಡುತ್ತಿರಲಿಲ್ಲ. ಆ ಹೆಂಗಸು ತಲೆಯಾಡಿಸುತ್ತಾ ಬೆರಳು ಮಡಿಚಿ ನೆನಪಿಟ್ಟುಕೊಳ್ಳುತ್ತಿದ್ದಳು. ವಾಪಸ್ ಬರುವಾಗ ಆಟೋದಲ್ಲಿ ನಾನು ಸಿಸ್ಟರ್ ದನಿ ತೆಗೆದು, 'ಇವರನ್ನು ನೋಡಿ ಕಲೀರಿ' ಅಂದೆ. ಅಕ್ಕ ನಗಲಿಲ್ಲ. ರಸ್ತೆ ಕಡೆ ತಿರುಗಿ ಕೂತಳು.

ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಮಾರನೇ ದಿನ ಚಿಕ್ಕಪ್ಪನ ಮನೆಯಲ್ಲಿ ಕಡಲೆಬೇಳೆ, ಬೆಲ್ಲದ ಹಯಗ್ರೀವ.

ಮೇ ತಿಂಗಳಲ್ಲಿ ಒಂದು ಸಂಜೆ ಮಳೆ ಸುರಿದು ನಮ್ಮ ರಸ್ತೆಯೆಲ್ಲ ಕೆರೆಯಾಗಿತ್ತು. ಮಾರನೇ ದಿನ ಸ್ಕ್ಯಾನಿಂಗ್. ಕೆಸರಿನಲ್ಲಿ ಅಕ್ಕನ ಕೈ ಹಿಡಿದು ನಡೆಸಿಕೊಂಡು ಹೋದೆ. ಡಾಕ್ಟರಮ್ಮ ಸ್ಕ್ಯಾನಿಂಗ್ ವರದಿ ನೋಡಿದರು, ಪುಸ್ತಕ ನೋಡಿದರು, ಮತ್ತೆ ವರದಿ ನೋಡಿದರು. "ಮಗುವಿನ ಹೊಟ್ಟೆಯ ಸುತ್ತಳತೆ ದಿನಕ್ಕೆ ತಕ್ಕ ಹಾಗಿಲ್ಲ, ಮುಂದೆ ಓಡ್ತಿದೆ. ಸುತ್ತ ನೀರೂ ಜಾಸ್ತಿ. ಈ ನಂಬರಿಗೆ ಹೀಗಾಗಬಾರದಲ್ಲ. ಸಿಸ್ಟರ್, ಇಲ್ಲೇ ಒಂದು ಸಲ ನೋಡಿ."

ಲೀನಾ ಸಿಸ್ಟರ್ ಅಕ್ಕನ ಕೈ ತೆಗೆದುಕೊಂಡರು. ಚುಚ್ಚೋಕೆ ಜಾಗ ನೋಡಲು ಬೆರಳು ತಿರುಗಿಸಿದರು. ಒಂದು ಬೆರಳು, ಇನ್ನೊಂದು, ಇನ್ನೊಂದು. ಆ ಕೈ ಬಿಟ್ಟು ಇನ್ನೊಂದು ಕೈ. ದಿನಕ್ಕೆ ನಾಲ್ಕು ಸಲ ಚುಚ್ಚಿಸಿಕೊಂಡಿರಬೇಕಾದ ಬೆರಳುಗಳು ಮಗುವಿನ ಬೆರಳಿನ ಹಾಗೆ ನುಣ್ಣಗಿದ್ದವು. ಸಿಸ್ಟರ್ ತಲೆಯೆತ್ತಿದರು. ಅಕ್ಕನ ಫೈಲನ್ನು ಎದೆಗೆ ಅವುಚಿಕೊಂಡು ನಿಂತಿದ್ದ ನನ್ನ ಕೈ ಅವರ ಕಣ್ಣಿಗೆ ನೇರವಾಗಿತ್ತು. ಬೆರಳ ತುದಿಗಳ ತುಂಬ ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಚುಕ್ಕೆ, ನಿಂಬೆ ರಸಕ್ಕೆ ಸಿಪ್ಪೆ ಎದ್ದ ಚರ್ಮ.

ಅವರು ಅಕ್ಕನ ಬೆರಳು ಚುಚ್ಚಿದರು. ನೂರ ತೊಂಬತ್ತೆಂಟು.

ಅಭ್ಯಾಸಬಲ ನೋಡಿ, ಆ ಹೊತ್ತಿನಲ್ಲೂ ನನ್ನ ಬಾಯಿಗೆ ಬಂದದ್ದು ಅಪ್ಪನ ದನಿ: "ಮಾತ್ರೆಗೂ ಕೆಲ್ಸ ಬೇಕಲ್ವೇನೋ..." ಡಾಕ್ಟರಮ್ಮ ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟರು.

"ಮೂರು ವಾರ," ಅಂದರು ಸಿಸ್ಟರ್, ಮಿಷನ್ನಿನ ಹಳೆಯ ನಂಬರುಗಳನ್ನು ನೋಡಿ ನನ್ನ ಕಡೆ ತಿರುಗಿ, ದನಿ ಏರಿಸದೆ, "ನಾವೆಲ್ಲ ಸೇರಿ ನಿಮ್ಮನ್ನು ಚೆನ್ನಾಗಿ ನೋಡಿಕೊಂಡ್ವಿ. ಆ ಮಗೂನ ಯಾರು ನೋಡಿದ್ರು?"

ಅಕ್ಕ ಅತ್ತಳು. ಎಲ್ಲ ಹೇಳಿದಳು. ಆರತಿ ತಟ್ಟೆಯ ವಿಷಯ, ಒಬ್ಬಟ್ಟಿನ ವಿಷಯ, ಅಜ್ಜಿಯ ಸೂಜಿಯ ವಿಷಯ. ಸಿಸ್ಟರ್ ಬೈಯಲಿಲ್ಲ. ಕುರ್ಚಿ ಎಳೆದು ಅವಳ ಮುಂದೆ ಕೂತರು. "ಅಜ್ಜಿ ಸೂಜಿಯಿಂದ ಹೋಗಲಿಲ್ಲ ಶೋಭಾ. ಸೂಜಿ ಅಜ್ಜಿ ಹತ್ತಿರ ತಡವಾಗಿ ಬಂತು. ನಿಮಗೆ ಇನ್ನೂ ಟೈಮ್ ಇದೆ. ಹೆರಿಗೆ ಆದ ಮೇಲೆ ಬಹಳ ಜನಕ್ಕೆ ಇದು ನಿಂತೇ ಹೋಗುತ್ತೆ." ಆ ದಿನವೇ ಇನ್ಸುಲಿನ್ ಶುರುವಾಯಿತು. ಮೊದಲ ಸಲ ಸೂಜಿ ನೋಡಿದಾಗ ಅಕ್ಕ, "ಇಷ್ಟೇನಾ?" ಅಂದಳು. ರೆಪ್ಪೆ ಕೂದಲಿನಷ್ಟಿತ್ತು. ಅದಕ್ಕೆ ಹೆದರಿ ನಾವು ಮೂರು ವಾರ ಓಡಿದ್ದೆವು.

ಹೊರಗೆ ಬರುವಾಗ ಬೆಂಚಿನ ತುದಿಯಲ್ಲಿ ಆ ರಾಯಚೂರು ಹೆಂಗಸು ಕೂತಿದ್ದಳು. ಅಕ್ಕ ನಿಂತಳು. "ಹೋದ ಸಲ ನಾನು ಹೇಳಿದ್ದು ಸುಳ್ಳು ಕಣಮ್ಮ. ನನಗೂ ಇಳಿದಿರಲಿಲ್ಲ. ನಿನ್ನದೇ ನಿಜವಾದ ಪುಸ್ತಕ" ಅಂದಳು. ಆ ಹೆಂಗಸಿಗೆ ಎಷ್ಟು ಅರ್ಥವಾಯಿತೋ, ಪಕ್ಕಕ್ಕೆ ಸರಿದು ಕೂರೋಕೆ ಜಾಗ ಮಾಡಿಕೊಟ್ಟಳು.

ನನ್ನನ್ನು ಸಿಸ್ಟರ್ ಬಾಗಿಲ ಹತ್ತಿರ ತಡೆದರು. "ನೀವು ಎಲ್ಲರ ಹಾಗೆ ಮಾತಾಡ್ತೀರಂತೆ. ನನ್ನ ಹಾಗೂ ಅಂತೆ. ಆ ದೊಡ್ಡಮ್ಮನ ಹಾಗೆ ಬರುತ್ತಾ?" ಬರುತ್ತೆ ಅಂದೆ. "ಹಾಗಾದ್ರೆ ದಿನಾ ಅವರಾಗಿ ಅಕ್ಕನಿಗೆ ಬಡಿಸಿ. ಬೇಡ ಅನ್ನೋಕೆ ಇವರಿಗೆ ಅಭ್ಯಾಸ ಇಲ್ಲ, ಅಷ್ಟೇ."

ಹಾಗೆ ನಮ್ಮ ತಾರಸಿಯಲ್ಲಿ ಹೊಸ ನಾಟಕ ಶುರುವಾಯಿತು. ಬಾಡಿಗೆ ಹುಡುಗರ ಟವೆಲ್ಲೊಂದನ್ನು ಸೆರಗು ಮಾಡಿಕೊಂಡು, ಖಾಲಿ ತಟ್ಟೆ ಹಿಡಿದು ಅಕ್ಕನ ಹಿಂದೆ ನಡೆಯುತ್ತಿದ್ದೆ. ದೊಡ್ಡಮ್ಮನ 'ತಿನ್ನವ್ವಾ'ದಲ್ಲಿ ಬೇಡಿಕೊಳ್ಳೋದು ಒಂದು ಥರ, ಗದರೋದು ಒಂದು ಥರ, ಮುನಿಸು, ಗೋಳು, ದೊಡ್ಡಪ್ಪನ ಮೇಲೆ ಆಣೆ, ಎಲ್ಲ ಇತ್ತು. ಅಕ್ಕ ಗದರಿಕೆಗೆ ಗೆದ್ದಳು, ಮುನಿಸಿಗೆ ಗೆದ್ದಳು, ಗೋಳಿಗೆ ಮಾತ್ರ ಪ್ರತಿ ಸಲ ಸೋತಳು. 'ಅಷ್ಟು ದೂರದಿಂದ ತಂದಿವ್ನಿ ಕಣವ್ವ' ಅಂತ ನಾನು ಮೂಗೆಳೆದರೆ ಸಾಕು, ಖಾಲಿ ತಟ್ಟೆಗೆ ಕೈ ಹಾಕುತ್ತಿದ್ದಳು. "ಆಗಲ್ಲ ಕಣೋ. ಪಾಪ ಅನ್ನಿಸುತ್ತೆ." ಅಮ್ಮ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದಳು. ಒಂದು ದಿನ ತನ್ನಷ್ಟಕ್ಕೆ ತಾನೇ, "ನಾನೂ ಇಂಗೇ ಅಂತೀನಾ?" ಅಂದಳು. ಆವತ್ತಿನಿಂದ ಅರ್ಧ ಮುದ್ದೆ ಸರಿಯಾಗಿ ಅರ್ಧವಾಯಿತು. ಅಪ್ಪನ ಕೇಸರಿಬಾತಿಗೂ ಕತ್ತರಿ ಬಿತ್ತು, ಅದಕ್ಕೆ ಅವರು ಇವತ್ತಿಗೂ ನನ್ನನ್ನೇ ಬೈತಾರೆ.

ಮಗು ಹುಟ್ಟಿದ್ದನ್ನು ಬೇಗ ಹೇಳಿಬಿಡ್ತೀನಿ, ಯಾಕಂದ್ರೆ ನಾನು ಹೇಳಬೇಕಾದ ಮಾತು ಅದಕ್ಕಿಂತ ಮುಂಚಿನದು. ಹೆಣ್ಣು. ಮೂರು ಕೆಜಿ ಇನ್ನೂರು. ಹುಟ್ಟಿದ ಕೂಡಲೇ ಅಕ್ಕ ಹಾಲು ಕೊಟ್ಟಳು, ಸಿಸ್ಟರ್ ಹಿಮ್ಮಡಿ ಚುಚ್ಚಿ ಮಗುವಿನ ಶುಗರ್ ನೋಡಿದರು, ಸರಿಯಿತ್ತು. ಈ ಸಲ ಯಾರ ಕಾಲೂ ಅದಲು ಬದಲಾಗಿರಲಿಲ್ಲ, ನಾನು ಬಾಗಿಲ ಹೊರಗಿದ್ದೆ. ಆರು ವಾರ ಆದ ಮೇಲೆ ಅಕ್ಕ ಮತ್ತೆ ಆ ಗ್ಲೂಕೋಸ್ ನೀರು ಕುಡಿದಳು. ಶುಗರ್ ಹೋಗಿತ್ತು. ಮುಂದೆ ಬರಬಹುದು, ಆಗಾಗ ನೋಡಿಸಿಕೊಳ್ಳುತ್ತಿರಿ ಅಂದಿದ್ದಾರೆ. ಅವಳು ತಪ್ಪಿಸಲ್ಲ, ಈಗಲೂ ನಡೀತಾಳೆ. ಅಪ್ಪನ ಮಗ ಅಂತ ನನಗೂ ವರ್ಷಕ್ಕೊಮ್ಮೆ ನೋಡಿಸಿಕೊಳ್ಳೋಕೆ ಹೇಳಿದ್ದಾರೆ. ನನ್ನ ಬೆರಳಿಗೆ ಅದೇನೂ ಕಷ್ಟವಲ್ಲ.

ಹೇಳಬೇಕಾದದ್ದು ಒಂಬತ್ತನೇ ತಿಂಗಳ ಸೀಮಂತದ ಮಾತು. ಮಾವು ಮುಗಿಯುತ್ತಾ ಬಂದಿತ್ತು, ಬೀದಿಯಲ್ಲಿ ಹಲಸಿನ ಗಾಡಿಗಳು ನಿಂತಿದ್ದವು. ನಮ್ಮ ಮನೆಯ ಮುಂದೆಯೇ ಶಾಮಿಯಾನ. ಹಸಿರು ಸೀರೆ, ಕೈ ತುಂಬ ಬಳೆ ಹಾಕಿಕೊಂಡು ಅಕ್ಕ ಕೂತಿದ್ದಳು. ಭಾವ ಮೂಲೆಯಲ್ಲಿ ನಿಂತು ಕೆಮ್ಮುತ್ತಿದ್ದರು. ಹೂಡಿ ದೊಡ್ಡಮ್ಮ ಮಡಿಲು ತುಂಬಿದಳು, ತಲೆ ಸವರಿದಳು, ಆಮೇಲೆ ಬಾಳೆ ಎಲೆಯಲ್ಲಿ ಸುತ್ತಿ ತಂದಿದ್ದ ಒಬ್ಬಟ್ಟು ಬಿಚ್ಚಿ, ಚೂರು ಮುರಿದು ಅಕ್ಕನ ಬಾಯಿಯ ಹತ್ತಿರ ಹಿಡಿದಳು.

"ಬೇಡ ದೊಡ್ಡಮ್ಮ," ಅಂದಳು ಅಕ್ಕ.

ಗದರಿಕೆ ಬಂತು, ಅಕ್ಕ ಅಲ್ಲಾಡಲಿಲ್ಲ. ಮುನಿಸು ಬಂತು, ಅಲ್ಲಾಡಲಿಲ್ಲ. ನಾನು ಹಿಂದೆ ನಿಂತು ಒಂದೊಂದನ್ನೇ ಎಣಿಸುತ್ತಿದ್ದೆ, ಮುಂದಿನದು ಯಾವುದು ಅಂತ ನನಗೆ ಗೊತ್ತಿತ್ತು. ದೊಡ್ಡಮ್ಮನ ಕಣ್ಣು ತುಂಬಿತು. ದನಿ ನಾನು ತಾರಸಿಯಲ್ಲಿ ಮಾಡಿದ್ದಕ್ಕಿಂತ ನೂರು ಪಾಲು ಚೆನ್ನಾಗಿತ್ತು, ಯಾಕಂದ್ರೆ ನಿಜವಾಗಿತ್ತು. "ಅಷ್ಟು ದೂರದಿಂದ ತಂದಿವ್ನಿ ಕಣವ್ವ. ನಾಳೆ ಮಗೀನ ಕಿವಿ ಸೋರಿದ್ರೆ ನನ್ನ ಪಾಪ ಅಲ್ವಾ?"

ಅಕ್ಕನ ಕೈ ಎದ್ದಿತು. ಹೋಯ್ತು, ಸೋತಳು ಅಂದುಕೊಂಡೆ. ಆ ಕೈ ಒಬ್ಬಟ್ಟಿಗೆ ಹೋಗಲಿಲ್ಲ. ಬಳೆಗಳು ಘಲ್ ಅಂದವು, ಆ ಹಳೇ ಸೀಮಂತದಲ್ಲಿ ದೊಡ್ಡಮ್ಮ ಇವಳ ತೋಳು ಹಿಡಿದಿದ್ದ ಹಾಗೇ ಇವಳು ದೊಡ್ಡಮ್ಮನ ತೋಳು ಹಿಡಿದು, ಮೆಲ್ಲಗೆ ಕೆಳಗಿಳಿಸಿದಳು. ಶಾಮಿಯಾನದ ಕೆಳಗೆ ಎಲ್ಲರಿಗೂ ಕೇಳಿಸಿತು.

"ಕಿವಿ ಸೋರಿದ್ರೆ ಔಷಧಿ ಹಾಕಿಸ್ತೀನಿ ದೊಡ್ಡಮ್ಮ. ಈ ಸಲ ಮಗು ಕೈಗೆ ಬರ್ಲಿ."